ಕೆಮ್ಮಿ ಸತ್ತಿತಾ, ಸುಮ್ನೆ ಸತ್ತಿತಾ?

ಇಂಜಿನ್ ಕಟ್ಟೆ: ಓದುಗರ ಪ್ರಶ್ನೆ, ಮೇಸ್ತ್ರಿಯ ಉತ್ತರ

ಪ್ರಶ್ನೆ: ಮೇಸ್ತ್ರಿಗಳಿಗೆ ನಮಸ್ಕಾರ. ನಾನು ಸಾಗರದ ಕಡೆಯವನು. ಹನ್ನೆರಡು ವರ್ಷದಿಂದ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿದ್ದೇನೆ. ಇಲ್ಲಿ ಶನಿವಾರ ಬಂತೆಂದರೆ ಜನ ಕಾರಿನ ಹಿಂದೆ ಬೋಟು ಕಟ್ಟಿಕೊಂಡು ಹೊಳೆಗೆ ಹೊರಡುತ್ತಾರೆ. ನನಗೂ ಆಸೆಯಾಗಿ ಕಳೆದ ವರ್ಷ ಹಳೆಯದೊಂದು ಜೆಟ್ ಬೋಟ್ ಕೊಂಡೆ, ಫ್ಯಾನಿಲ್ಲದೆ ನೀರನ್ನು ಹಿಂದಕ್ಕೆ ಚಿಮ್ಮಿಸಿ ಓಡುವಂಥದ್ದು. ಅಲ್ಯೂಮಿನಿಯಂ ಬೋಟು, ಒಳಗೆ ಕಾರಿನ 5.7 ಲೀಟರ್ ವಿ8 ಪೆಟ್ರೋಲ್ ಇಂಜಿನ್. ಕಾರ್ಬೊರೇಟರ್ ಇರುವ ಹಳೇ ಮಾಡೆಲ್, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮಾತ್ರ ಎಲೆಕ್ಟ್ರಾನಿಕ್.

ವೈಮಕರಿರಿ ನದಿಯಲ್ಲಿ ಮೊದಲ ಸಲ ಹೋದಾಗ 40 ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಬಂದ್. ಬೋಟು ಅಡ್ಡ ತಿರುಗಿ ಕಲ್ಲುದಿಬ್ಬಕ್ಕೆ ಹೋಗಿ ಕೂತಿತು. ಹೆಂಡತಿ, ಮಗ ಇಬ್ಬರೂ ಬೋಟಿನಲ್ಲಿದ್ದರು. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತಿತ್ತು, ಹತ್ತಿಕೊಳ್ಳಲಿಲ್ಲ. 20 ನಿಮಿಷ ಬಿಟ್ಟು ಕೀ ತಿರುಗಿಸಿದೆ, ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್! ಎರಡನೇ ಸಲವೂ ಹೀಗೇ ಆಯಿತು. ಪೆಟ್ರೋಲ್ ಬರುತ್ತಿಲ್ಲ ಎಂದು ಯಾರೋ ಹೇಳಿದರು. ಫಿಲ್ಟರ್ ಬದಲಿಸಿ, ಇಂಜಿನ್ನಿಗೇ ಜೋಡಿಸಿದ್ದ ಹಳೇ ಪಂಪ್ ತೆಗೆದು ಎಲೆಕ್ಟ್ರಿಕ್ ಪಂಪ್ ಹಾಕಿಸಿದೆ. ಪ್ಲಗ್, ಅದಕ್ಕೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಕೂಡ ಹೊಸದು. ಎಲ್ಲ ಸೇರಿ 600 ಡಾಲರ್ ಖರ್ಚು. ಮೂರನೇ ಸಲ 25 ನಿಮಿಷಕ್ಕೇ ನಿಂತಿತು. ಕಾಯಿಲಿನ ಹತ್ತಿರ ಮೀಟರ್ ಇಟ್ಟು ನೋಡಿದ್ದೇನೆ, 12.4 ವೋಲ್ಟ್ ಬರುತ್ತಿದೆ, ವೈರಿಂಗ್ ಸರಿಯಿದೆ. ಒಬ್ಬರು ಹೆಡ್ ಗ್ಯಾಸ್ಕೆಟ್ ಹೋಗಿದೆ ಎನ್ನುತ್ತಾರೆ, ಇನ್ನೊಬ್ಬರು ಮಾರಿಬಿಡು ಎನ್ನುತ್ತಾರೆ. ಹೆಂಡತಿಯದೂ ಮಾರುವ ಕಡೆಗೇ ಓಟು. ಏನು ಮಾಡಲಿ? (ಹೆಸರು ಹಾಕಬೇಡಿ.)

ಉತ್ತರ: ಮಾರಬೇಡಿ ಮಾರಾಯ್ರೆ. ಇನ್ನೊಂದು ಪೈಸೆಯ ಸಾಮಾನನ್ನೂ ಸದ್ಯಕ್ಕೆ ತರಬೇಡಿ.

ನಾನು ಗಂಗೊಳ್ಳಿಯಲ್ಲಿ ಕೆಲಸ ಕಲಿಯುವಾಗ ನನ್ನ ಮೇಸ್ತ್ರಿ ಒಂದು ಪ್ರಶ್ನೆ ಕೇಳದೆ ಪಾನಾ ಮುಟ್ಟುತ್ತಿರಲಿಲ್ಲ. ಬೋಟಿನವರು ಓಡಿ ಬಂದು "ಅಳಿವೆಯಲ್ಲೇ ಇಂಜಿನ್ ಬಂದಾಯ್ತು" ಎಂದು ಬಾಯಿ ಬಡಿದುಕೊಳ್ಳುತ್ತಿದ್ದರೆ ಇವರು ಬೀಡಿ ಹಚ್ಚಿಕೊಂಡು, "ಹೇಗೆ ಸತ್ತಿತು? ಕೆಮ್ಮಿ ಸತ್ತಿತಾ, ಮುಗ್ಗರಿಸಿ ಸತ್ತಿತಾ, ಸುಮ್ನೆ ಸತ್ತಿತಾ?" ಎನ್ನುತ್ತಿದ್ದರು. ನನಗೆ ಆಗ ಸಿಟ್ಟು ಬರುತ್ತಿತ್ತು. ಆಮೇಲೆ ಮಲ್ಪೆಯಲ್ಲಿ, ಕೊಲ್ಲಿ ದೇಶದಲ್ಲಿ, ನಿಮ್ಮದೇ ಕ್ರೈಸ್ಟ್‌ಚರ್ಚಿನ ಒಂದು ಬೋಟ್ ಶೆಡ್ಡಿನಲ್ಲಿ ಕೆಲಸ ಮಾಡಿದೆ. ಎಲ್ಲಿ ಹೋದರೂ ಆ ಪ್ರಶ್ನೆಯೇ ನನಗೆ ಅನ್ನ ಹಾಕಿತು.

ಕೆಮ್ಮಿ ಸಾಯುವುದು ಎಂದರೆ ಗುಟುರು ಹಾಕಿ, ಒಮ್ಮೆ ಶಕ್ತಿ ಹೋಗಿ ಒಮ್ಮೆ ಬಂದು, ಪುಸ್ ಪುಸ್ ಎಂದು ನಿಲ್ಲುವುದು. ಅದು ಹೆಚ್ಚಾಗಿ ಎಣ್ಣೆಯ, ಅಂದರೆ ಇಂಧನದ ತೊಂದರೆ. ನಮ್ಮ ನಾಡದೋಣಿಗಳ ಸೀಮೆಎಣ್ಣೆಯಲ್ಲಿ ನೀರು ಸೇರಿದರೆ ಹೀಗೇ ಆಗುತ್ತದೆ. ಟ್ಯಾಂಕಿಗೆ ಗಾಳಿ ಹೋಗುವ ಪೈಪು ಕಟ್ಟಿಕೊಂಡರೂ ಹಾಗೇ. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರದೆ ಟ್ಯಾಂಕೇ ಪೆಟ್ರೋಲನ್ನು ಹಿಂದಕ್ಕೆ ಎಳೆಯುತ್ತದೆ. ಮುಚ್ಚಳ ಸಡಿಲಿಸಿದಾಗ ಸುಸ್ಸೆಂದು ಗಾಳಿ ಒಳಗೆ ಹೋದರೆ ಕಳ್ಳ ಸಿಕ್ಕಿದ ಹಾಗೆ.

ಮುಗ್ಗರಿಸಿ ಸಾಯುವುದು ಎಂದರೆ ಭಾರ ಎಳೆದಂತೆ ಗೋಂ ಎಂದು ನಿಧಾನವಾಗಿ, ಕೊನೆಗೆ ಧಡಕ್ಕೆಂದು ನಿಲ್ಲುವುದು. ಆಮೇಲೆ ಸೆಲ್ಫ್ ಹೊಡೆದರೆ ಠಕ್ ಎಂಬ ಒಂದೇ ಶಬ್ದ. ಇದು ಕಬ್ಬಿಣದ ತೊಂದರೆ. ಬಿಸಿಯಾಗಿ ಹಿಡಿದುಕೊಂಡಿರಬೇಕು, ಆಯಿಲ್ ಇಲ್ಲದಿರಬೇಕು, ಸಿಲಿಂಡರಿಗೆ ನೀರು ನುಗ್ಗಿರಬೇಕು, ಇಲ್ಲವೇ ಜೆಟ್ಟಿನ ಬಾಯಿಗೆ ಕಲ್ಲು ಸಿಕ್ಕಿರಬೇಕು. ಠಕ್ ಎಂದಮೇಲೂ ಕೀ ಹಿಡಿದು ಒತ್ತುತ್ತಾ ಕೂರಬಾರದು. ನೀರು ತುಂಬಿದ ಸಿಲಿಂಡರಿನ ಮೇಲೆ ಬಲ ಹಾಕಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಎಲ್ಲ ಬಿಚ್ಚಿ ಆಮೇಲೆ ತಿರುಗಿಸಬೇಕು.

ಸುಮ್ನೆ ಸಾಯುವುದು ಎಂದರೆ ಯಾರೋ ಸ್ವಿಚ್ ಆರಿಸಿದ ಹಾಗೆ. ಕೆಮ್ಮಿಲ್ಲ, ನರಳಾಟವಿಲ್ಲ. ಪೆಟ್ರೋಲ್ ಇಂಜಿನ್ನಿನಲ್ಲಿ ಇದು ಹೆಚ್ಚಾಗಿ ಕರೆಂಟಿನ ಕೆಲಸ. ನಿಮ್ಮ ಪತ್ರದಲ್ಲಿ ಇದ್ದದ್ದು ಇದೇ. ಕಾರ್ಬೊರೇಟರಿನ ಬಟ್ಟಲಿನಲ್ಲಿ ಯಾವಾಗಲೂ ಒಂದಷ್ಟು ಪೆಟ್ರೋಲ್ ಇರುತ್ತದಲ್ವಾ? ಪಂಪ್ ಸತ್ತರೂ ಅದು ಮುಗಿಯುವ ತನಕ ಇಂಜಿನ್ ಒದ್ದಾಡಿಯೇ ಸಾಯಬೇಕು. ಹೆಡ್ ಗ್ಯಾಸ್ಕೆಟ್ ಎಂದವರಿಗೆ ಒಂದು ಮಾತು ಕೇಳಿ. ಸುಟ್ಟ ಗ್ಯಾಸ್ಕೆಟ್ 20 ನಿಮಿಷ ಮಲಗಿ ಎದ್ದರೆ ವಾಸಿಯಾಗುತ್ತದಾ?

ಈ ಮೂರು ಬಗೆಯ ಸಾವಿನಲ್ಲಿ ಅಪವಾದ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಎಲ್ಲಿಂದ ಶುರು ಮಾಡಬೇಕು ಎನ್ನುವುದಕ್ಕೆ ಇಷ್ಟು ಸಾಕು. ನೀವು ಶುರು ಮಾಡಿದ್ದು ಅಂಗಡಿಯಿಂದ!

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು. ಎಲೆಕ್ಟ್ರಿಕ್ ಪಂಪ್ ಹಾಕಿದ ಮೇಲೆ 40 ನಿಮಿಷದ ಬದಲು 25 ನಿಮಿಷಕ್ಕೇ ನಿಂತಿತು ಎಂದಿರಿ. ನೀವು ಅದನ್ನು ಬೇಜಾರಿನಲ್ಲಿ ಬರೆದಿದ್ದೀರಿ. ನನಗೆ ಅದು ದೊಡ್ಡ ಸುಳಿವು. ಹಳೇ ಪಂಪ್ ಇಂಜಿನ್ನಿನ ಬಲದಿಂದ ಓಡುತ್ತಿತ್ತು. ಹೊಸದು ಕರೆಂಟ್ ತಿನ್ನುತ್ತದೆ. ಕರೆಂಟಿನ ಭಾರ ಜಾಸ್ತಿಯಾದಾಗ ರೋಗವೂ ಬೇಗ ಬಂತು ಎಂದರೆ, ಎಲ್ಲೋ ಒಂದು ಕಡೆ ಕರೆಂಟ್ ಹೋಗುವ ದಾರಿಯೇ ಬಿಸಿಯಾಗಿ ಕೈಕೊಡುತ್ತಿದೆ. ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ನಿಮ್ಮ 20 ನಿಮಿಷದ ಲೆಕ್ಕ ಅಲ್ಲಿಗೆ ಸರಿಹೋಯಿತು.

ಅದಕ್ಕೇ ಉತ್ತರ ಅಚ್ಚಿಗೆ ಕೊಡುವ ಮೊದಲು ಈ ಪ್ರಶ್ನೆ ಕೇಳಿದವರಿಗೆ ಮೇಲ್ ಮಾಡಿದೆ. ಇಂಜಿನ್ ನಿಂತ ಗಳಿಗೆಯಲ್ಲಿ ಡ್ಯಾಶ್‌ಬೋರ್ಡಿನ ಮುಳ್ಳುಗಳು ಏನು ಮಾಡಿದವು ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಎರಡು ದಿನ ಬಿಟ್ಟು ಅವರೇ ಬರೆದರು: ಮೂರನೇ ಸಲ ಮಗ ಹಿಂದಿನ ಸೀಟಿನಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದನಂತೆ. ಕಳಿಸಿ ಎಂದೆ.

ಹನ್ನೊಂದು ಸೆಕೆಂಡಿನ ವಿಡಿಯೊ. ನಾನು ಅದನ್ನು ಎಷ್ಟು ಸಲ ನೋಡಿದೆನೋ. ಆರ್‌ಪಿಎಂ ಮುಳ್ಳು 3500ರ ಹತ್ತಿರ ನಡುಗುತ್ತಿದೆ. ಇಂಜಿನ್ ಸದ್ದು ಕಡಿಯುತ್ತದೆ. ಅದೇ ಕ್ಷಣ ಮುಳ್ಳು ಸೊನ್ನೆಗೆ ಬಿತ್ತು, ಕಲ್ಲು ಬಿದ್ದ ಹಾಗೆ. ಇಂಜಿನ್ ಅಷ್ಟು ಬೇಗ ನಿಲ್ಲುವುದಿಲ್ಲ. ಬೋಟು ಮುಂದೆ ಹೋಗುತ್ತಿರುವಾಗ ಒಂದೆರಡು ಸೆಕೆಂಡಾದರೂ ಸುತ್ತುತ್ತಿರುತ್ತದೆ. ಈ ಮುಳ್ಳಿಗೆ ಸುದ್ದಿ ಹೋಗುವುದು ಕಾಯಿಲಿನಿಂದ. ಪೆಟ್ರೋಲ್ ನಿಂತು ಇಂಜಿನ್ ಸತ್ತರೆ ಮುಳ್ಳು ಇಂಜಿನ್ ಜೊತೆಗೇ ಮೆಲ್ಲಗೆ ಇಳಿಯಬೇಕು. ದೊಪ್ಪನೆ ಬಿದ್ದರೆ ಕಾಯಿಲಿಗೆ ಕರೆಂಟೇ ತಪ್ಪಿದೆ ಎಂದರ್ಥ. ಇಷ್ಟೇ ಆಗಿದ್ದರೆ ಕಾಯಿಲ್ ಅಥವಾ ಡಿಸ್ಟ್ರಿಬ್ಯೂಟರಿನ ಒಳಗಿನ ಮಾಡ್ಯೂಲ್ ಮೇಲೆ ಗುಮಾನಿ ಪಡಬಹುದಿತ್ತು. ಮಾಡ್ಯೂಲೂ ಬಿಸಿಯಾದರೆ ಸಾಯುತ್ತದೆ, ತಣ್ಣಗಾದರೆ ಏಳುತ್ತದೆ. ಆದರೆ ವಿಡಿಯೊದ ಮೂಲೆಯಲ್ಲಿ ಪೆಟ್ರೋಲ್ ಮುಳ್ಳೂ ಕಾಣುತ್ತದೆ. ಅದೂ ಬಿತ್ತು. ಅದರ ಪಕ್ಕದ ವೋಲ್ಟ್ ಮುಳ್ಳೂ ಬಿತ್ತು. ಪೆಟ್ರೋಲ್ ಮುಳ್ಳಿಗೂ ಕಾಯಿಲಿಗೂ ಏನು ಸಂಬಂಧ? ಒಂದೇ ಸಂಬಂಧ: ಎರಡಕ್ಕೂ ಕೀ ಸ್ವಿಚ್ಚಿನಿಂದ ಬರುವ ಒಂದೇ ವೈರು. ಬೋಟಿನ ವೈರಿಂಗಿನಲ್ಲಿ ಆ ವೈರಿಗೆ ಸಾಮಾನ್ಯವಾಗಿ ನೇರಳೆ ಬಣ್ಣ.

"ಹಾಗಾದರೆ ಸೆಲ್ಫ್ ಹೇಗೆ ತಿರುಗುತ್ತಿತ್ತು?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಕೀಯನ್ನು ಪೂರ್ತಿ ತಿರುಗಿಸಿದಾಗ ಸೆಲ್ಫಿಗೆ ಹೋಗುವ ಕರೆಂಟು ಸ್ವಿಚ್ಚಿನ ಒಳಗೆ ಬೇರೆ ಕಾಂಟ್ಯಾಕ್ಟಿನಲ್ಲಿ ಹೋಗುತ್ತದೆ. ಮನೆಗೆ ಎರಡು ಬಾಗಿಲಿದ್ದು ಒಂದು ಜಾಮ್ ಆದರೆ ಇನ್ನೊಂದರಲ್ಲಿ ಓಡಾಡಬಹುದಲ್ಲ, ಹಾಗೆ.

ಈಗ ಆ 12.4 ವೋಲ್ಟಿನ ವಿಷಯ. ಇಲ್ಲಿ ಕಲಿತವರೂ ಮೋಸ ಹೋಗುತ್ತಾರೆ. ನಾನೂ ಹೋಗಿದ್ದೇನೆ. ಕೊಲ್ಲಿಯಲ್ಲಿದ್ದಾಗ ಒಂದು ಬೋಟಿಗೆ ಮೂರು ದಿನ ಹಾಳು ಮಾಡಿದ್ದೆ, ಮೀಟರನ್ನು ದೇವರೆಂದು ನಂಬಿ. ಮೀಟರ್ ಕರೆಂಟ್ ಕುಡಿಯುವುದೇ ಇಲ್ಲ. ಇಂಜಿನ್ ನಿಂತಿರುವಾಗ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಸಾಮಾನ್ಯವಾಗಿ ಕಾಯಿಲಿಗೂ ಕರೆಂಟ್ ಹರಿಯಲು ಬಿಡುವುದಿಲ್ಲ. ಹೀಗಾಗಿ ವೈರು ಕೂದಲೆಳೆಯಲ್ಲಿ ತೂಗುತ್ತಿದ್ದರೂ ಮೀಟರ್ 12.4 ಎಂದೇ ತೋರಿಸುತ್ತದೆ. ಬಾವಿಯ ಪೈಪು ಮುಕ್ಕಾಲು ಕಟ್ಟಿದ್ದರೂ ನಲ್ಲಿ ಮುಚ್ಚಿದಾಗ ಒತ್ತಡ ಸರಿಯಾಗೇ ಇರುತ್ತದೆ. ನಲ್ಲಿ ಬಿಟ್ಟಾಗ ತಾನೇ ನೀರಿಲ್ಲದ್ದು ಗೊತ್ತಾಗುವುದು?

ನಲ್ಲಿ ಬಿಡುವುದು ಹೇಗೆ ಎಂದರೆ, ಕಾರಿನ ಹಳೇ ಹೆಡ್‌ಲೈಟ್ ಬಲ್ಬಿನಿಂದ. 12 ವೋಲ್ಟ್, 55 ವ್ಯಾಟ್. ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಕಾಯಿಲ್ ಕೆಲಸ ಮಾಡುವಾಗ ಎಳೆಯುವುದೂ ಸುಮಾರು ಅಷ್ಟೇ. ಅವರಿಗೆ ಹೀಗೆ ಹೇಳಿದೆ:

ಬೋಟು ಮನೆಯ ಮುಂದೆ ಟ್ರೈಲರಿನ ಮೇಲೇ ಇರಲಿ. ಇಂಜಿನ್ ಬಾಕ್ಸಿನ ಮುಚ್ಚಳ ಪೂರ್ತಿ ತೆಗೆಯಿರಿ. ಮೊದಲು ಮೂಗು ಹಾಕಿ ನೋಡಿ, ಪೆಟ್ರೋಲ್ ವಾಸನೆ ಇದ್ದರೆ ಅವತ್ತು ಕರೆಂಟಿನ ಕೆಲಸ ಬೇಡವೇ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ. ವಾಸನೆ ಇಲ್ಲದಿದ್ದರೂ ಐದು ನಿಮಿಷ ಬ್ಲೋವರ್ (ಆ ಆವಿಯನ್ನು ಹೊರಗೆ ಊದುವ ಫ್ಯಾನು) ಓಡಿಸಿ. ಹೊಸ ಪಂಪಿನ ವೈರು ಕಳಚಿ. ಕಾಯಿಲಿಗೆ ಬರುವ ವೈರನ್ನೂ ಕಳಚಿ, ಅದಕ್ಕೆ ಉದ್ದ ವೈರಿನಿಂದ ಬಲ್ಬ್ ಜೋಡಿಸಿ, ಬಲ್ಬನ್ನು ಬೋಟಿನ ಹೊರಗೆ ನೆಲದ ಮೇಲಿಡಿ. ಅದು ಕೈ ಸುಡುವಷ್ಟು ಬಿಸಿಯಾಗುತ್ತದೆ. ಎಲ್ಲ ಜೋಡಿಸಿದ ಮೇಲೆ ಕೊನೆಗೆ ಕೀ ಆನ್ ಮಾಡಿ. ಬ್ಲೋವರ್, ರೇಡಿಯೊ, ನೀವು ಹೊಳೆಯಲ್ಲಿ ಹಾಕುವುದನ್ನೆಲ್ಲ ಹಾಕಿ. ಆಮೇಲೆ ಚಹಾ ಕುಡಿಯುತ್ತಾ ಅರ್ಧ ಗಂಟೆ ಬಲ್ಬನ್ನೇ ನೋಡುತ್ತಾ ಕೂರಿ.

ಅವರ ಮುಂದಿನ ಮೇಲ್ ರಾತ್ರಿ ಬಂತು. ಅಕ್ಷರ ತಪ್ಪುಗಳೇ ಜಾಸ್ತಿ, ಅಷ್ಟು ಖುಷಿ. 18 ನಿಮಿಷ ಬಲ್ಬ್ ಬೆಳ್ಳಗೆ ಉರಿಯಿತಂತೆ. ಆಮೇಲೆ ಹಳದಿ, ಆಮೇಲೆ ಕೆಂಪು, ಹಳೇ ಲಾಟೀನಿನ ಹಾಗೆ. ಆಗ ಮೀಟರ್ ಹಿಡಿದಿದ್ದಾರೆ. ಬ್ಯಾಟರಿಯಲ್ಲಿ 12.3. ಬಲ್ಬಿನ ಹತ್ತಿರ 7.8. ಕೀ ಸ್ವಿಚ್ಚಿಗೆ ಒಳಗೆ ಬರುವ ಕಡೆ 12.1. ಸ್ವಿಚ್ಚಿನಿಂದ ಹೊರಗೆ ಹೋಗುವ ಕಡೆ 8. ಅಂದರೆ ನಾಲ್ಕು ವೋಲ್ಟು ಆ ಒಂದು ಸ್ವಿಚ್ಚಿನ ಹೊಟ್ಟೆಯಲ್ಲೇ ಮಾಯ. ಹಿಂಬದಿಗೆ ಕೈ ಹಾಕಿದರೆ ಬೆರಳು ಸುಡುವಷ್ಟು ಬಿಸಿ. ಬಿಚ್ಚಿ ಫೋಟೊ ಕಳಿಸಿದ್ದಾರೆ. ಒಂದು ಟರ್ಮಿನಲ್ಲಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ಹಪ್ಪಳದ ಹಾಗೆ ಗುಳ್ಳೆ ಎದ್ದಿದೆ. ಅದೇ ಸ್ಕ್ರೂವಿಗೆ ಹಿಂದಿನ ಮಾಲೀಕ ಬ್ಲೋವರ್, ರೇಡಿಯೊ, ಮೀನು ಹುಡುಕುವ ಯಂತ್ರ, ಮೊಬೈಲ್ ಚಾರ್ಜರ್ ಎಲ್ಲವನ್ನೂ ಸಿಕ್ಕಿಸಿದ್ದ. ಅದರ ಮೇಲೆ ಇವರ ಹೊಸ ಪಂಪ್ ಬೇರೆ.

ಸ್ವಿಚ್ ಬದಲಿಸಿದ್ದಾರೆ. ನನ್ನ ಒತ್ತಾಯಕ್ಕೆ ಕಾಯಿಲಿಗೊಂದು, ಪಂಪಿಗೊಂದು ರಿಲೇ ಹಾಕಿಸಿದ್ದಾರೆ. ಈಗ ಸ್ವಿಚ್ಚು ಬರೀ ಅಪ್ಪಣೆ ಕೊಡುತ್ತದೆ, ಭಾರ ಹೊರುವುದು ರಿಲೇ. ಇನ್ನೊಂದು ಕೆಲಸವನ್ನೂ ಮಾಡಿಸಿದೆ, ಇದನ್ನು ಎಲೆಕ್ಟ್ರಿಕ್ ಪಂಪ್ ಹಾಕುವವರೆಲ್ಲ ಗಮನಿಸಬೇಕು. ಹಳೇ ಪಂಪು ಇಂಜಿನ್ ನಿಂತರೆ ತಾನೂ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪಿಗೆ ಇಂಜಿನ್ ನಿಂತದ್ದು ಗೊತ್ತೇ ಆಗುವುದಿಲ್ಲ. ಪೈಪು ಹರಿದಿದ್ದರೂ ಕೀ ಆನ್ ಇರುವವರೆಗೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಅದಕ್ಕೆ ಆಯಿಲ್ ಪ್ರೆಶರ್ ಇಳಿದರೆ ಪಂಪನ್ನು ಆರಿಸುವ ಸ್ವಿಚ್ ಬೇಕು. ಮತ್ತೆ ಬೋಟಿಗೆ ಹಾಕುವ ಪಂಪ್, ಆಲ್ಟರ್ನೇಟರ್, ಸೆಲ್ಫ್ ಮೋಟರ್ ಎಲ್ಲ ಬೋಟಿನದೇ ಆಗಿರಬೇಕು. ಕಾರಿನದು ನೋಡಲು ಅದೇ ರೀತಿ, ಬೆಲೆ ಕಡಿಮೆ. ಆದರೆ ಒಳಗಿನ ಕಿಡಿ ಹೊರಗೆ ಬಾರದಂತೆ ಮುಚ್ಚಿರುವುದಿಲ್ಲ. ಕಾರಿನ ಕೆಳಗೆ ಗಾಳಿಯಾಡುತ್ತದೆ. ಬೋಟಿನ ಹೊಟ್ಟೆಯಲ್ಲಿ ಆಡುವುದಿಲ್ಲ.

ಮೊನ್ನೆ ಎರಡು ಗಂಟೆ ನಿಲ್ಲಿಸದೆ ಓಡಿಸಿದರಂತೆ. ಹೆಂಡತಿ ಇನ್ನೂ ಹತ್ತಿಲ್ಲ. ಅದಕ್ಕೆ ನನ್ನಲ್ಲಿ ಬಲ್ಬ್ ಇಲ್ಲ.

ಒಂದು ಮಾತು ಅವರಿಗೆ ಗದರಿಸಿಯೇ ಹೇಳಿದೆ, ಇಲ್ಲೂ ಬರೆಯುತ್ತೇನೆ. ನಮ್ಮ ಮೀನುಗಾರಿಕೆ ಬೋಟಿಗೆ ಹಿಂದೆ ಫ್ಯಾನು, ಅದರ ಹಿಂದೆ ಚುಕ್ಕಾಣಿ ಹಲಗೆ. ಇಂಜಿನ್ ನಿಂತರೂ ಬೋಟು ಹೋಗುತ್ತಿರುವವರೆಗೆ ಚುಕ್ಕಾಣಿ ಒಂದಿಷ್ಟು ಮಾತು ಕೇಳುತ್ತದೆ. ಜೆಟ್ ಬೋಟಿಗೆ ಎರಡೂ ಇಲ್ಲ. ತಳದ ಜಾಲರಿಯಿಂದ ನೀರು ಎಳೆದು, ಒಳಗಿನ ಇಂಪೆಲ್ಲರ್ ಎಂಬ ರೆಕ್ಕೆಚಕ್ರ ಅದನ್ನು ಹಿಂದಕ್ಕೆ ಉಗಿಯುತ್ತದೆ. ಆ ಉಗಿಯುವ ಬಾಯನ್ನು ಆಚೆ ಈಚೆ ತಿರುಗಿಸುವುದೇ ಸ್ಟೀರಿಂಗ್. ಉಗಿಯುವುದು ನಿಂತರೆ ಸ್ಟೀರಿಂಗ್ ಚಕ್ರ ಬರೀ ಆಟದ ಸಾಮಾನು. ಹೊಳೆ ಎಳೆದ ಕಡೆಗೆ ಬೋಟು. ವೈಮಕರಿರಿಯಂಥ ನದಿಯಲ್ಲಿ, ಜಡೆ ಬಿಚ್ಚಿದ ಹಾಗೆ ಹತ್ತಾರು ಸೀಳುಗಳಾಗಿ ಕಲ್ಲಿನ ಮೇಲೆ ಹರಿಯುವ ನೀರಿನಲ್ಲಿ, ಅಡ್ಡಬಿದ್ದ ಬೋಟಿಗೆ ಮಗುಚಲು ಒಂದು ಮರದ ಬೊಡ್ಡೆ ಸಾಕು. ಇಂಜಿನ್ ನಿಂತ ತಕ್ಷಣ ಕೈ ಹೋಗಬೇಕಾದ್ದು ಲಂಗರಿಗೆ, ಕೀಗಲ್ಲ. ಲಂಗರು ಮುಂದುಗಡೆ, ಹಗ್ಗ ಸಿಕ್ಕಿಲ್ಲದೆ, ಒಂದೇ ಎಸೆತಕ್ಕೆ ಬೀಳುವಂತಿರಬೇಕು. ಅವರ ಬೋಟಿನಲ್ಲಿ ಅದು ಸೀಟಿನ ಕೆಳಗೆ, ಮೂರು ಚೀಲದ ಅಡಿಯಲ್ಲಿತ್ತಂತೆ! ಲಂಗರು ಹಿಡಿದ ಮೇಲೆ, ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಸರಿಯಿದೆ ಎಂದಾದ ಮೇಲೆ, ಕಿಲ್ ಸ್ವಿಚ್ಚಿನ ಹಗ್ಗ (ಕಳಚಿದರೆ ಇಂಜಿನ್ ತಾನೇ ನಿಲ್ಲುವ ಹಗ್ಗ) ಕಳಚಿದೆಯಾ ನೋಡಿ. ನಗಬೇಡಿ. ಮೊಣಕಾಲು ತಾಗಿ ಕಳಚಿದ ಹಗ್ಗಕ್ಕೆ ನಾನು ಮೂರು ಸಲ ಜನರಿಂದ ಕೂಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಲ್ಪೆ ಬೀಚಿನ ಹತ್ತಿರ ಜೆಟ್ ಸ್ಕೀ ಓಡಿಸುವ ಕೆಲಸ ನನ್ನದು. ಒಂದು ಗಾಡಿ ಇದ್ದಕ್ಕಿದ್ದ ಹಾಗೆ ಜೋರಾಗಿ ಕೂಗುತ್ತದೆ, ಆದರೆ ಮುಂದೆ ಹೋಗುವುದಿಲ್ಲ. ಸ್ವಲ್ಪ ಹೊತ್ತಿಗೆ ಬೀಪ್ ಬೀಪ್ ಎಂದು ತಾನೇ ನಿಧಾನವಾಗುತ್ತದೆ. ಓನರ್ ಇಂಜಿನ್ ಹೋಯಿತು ಎಂದು ನನ್ನ ಮೇಲೆ ರೇಗುತ್ತಿದ್ದಾರೆ.

ಉತ್ತರ: ಇಂಜಿನ್ ಹೋಗಿರಲಿಕ್ಕಿಲ್ಲ ತಮ್ಮಾ. ಹೀಗೇ ಓಡಿಸಿದರೆ ಹೋಗುತ್ತದೆ. ಬಾಯಿಗೆ ಏನೋ ಸಿಕ್ಕಿದೆ. ಪ್ಲಾಸ್ಟಿಕ್ ಚೀಲ, ಬಲೆಯ ತುಂಡು, ನೈಲಾನ್ ಹಗ್ಗ. ನಮ್ಮ ಕಡಲಿನಲ್ಲಿ ಇದಕ್ಕೇನು ಬರ? ಜಾಲರಿಗೆ ಚೀಲ ಅಂಟಿದರೆ ಇಂಪೆಲ್ಲರಿಗೆ ನೀರು ಸಾಲದೆ ನೊರೆಯಲ್ಲಿ ತಿರುಗುತ್ತದೆ. ಅದಕ್ಕೇ ಕೂಗು ಜಾಸ್ತಿ, ಓಟ ಕಡಿಮೆ. ತುಂಬ ಗಾಡಿಗಳಲ್ಲಿ ಇಂಜಿನ್ ತಣ್ಣಗಾಗಲು ಹೋಗುವ ನೀರೂ ಆ ಜೆಟ್ಟಿನಿಂದಲೇ. ನೀರು ಇಲ್ಲದೆ ಬಿಸಿ ಏರಿದಾಗ ಬೀಪ್ ಬರುತ್ತದೆ, ಕಂಪ್ಯೂಟರ್ ವೇಗ ಕಡಿಮೆ ಮಾಡುತ್ತದೆ. ಬೀಪ್ ಕೇಳಿದ ಮೇಲೂ ಓಡಿಸಿದರೆ ಓನರ್ ಹೇಳಿದ್ದು ನಿಜವಾಗುತ್ತದೆ.

ಇಂಜಿನ್ ಆರಿಸಿ, ಕಿಲ್ ಹಗ್ಗ ಕಳಚಿ ಜೇಬಿಗೆ ಹಾಕಿಕೊಂಡು, ಆಮೇಲಷ್ಟೇ ಅಡಿಗೆ ಕೈ ಹಾಕು. ಹಗ್ಗ ಜೇಬಿನಲ್ಲಿಲ್ಲದಿದ್ದರೆ ಕೈ ಹಾಕಬೇಡ, ಬೆರಳು ಹತ್ತೇ ಇರುವುದು.

ಕಸ ಏನೂ ಸಿಗದಿದ್ದರೆ ಇಂಪೆಲ್ಲರಿನ ಸುತ್ತ ಇರುವ ಉಂಗುರ ನೋಡು. ವೇರ್ ರಿಂಗ್ ಎನ್ನುತ್ತಾರೆ. ಇಂಪೆಲ್ಲರಿಗೂ ಅದಕ್ಕೂ ನಡುವೆ ಕೂದಲು ತೂರುವಷ್ಟೇ ಜಾಗ ಇರಬೇಕು. ನೀವು ಗಿರಾಕಿ ಹತ್ತಿಸುವ ಅವಸರದಲ್ಲಿ ಮೊಣಕಾಲು ನೀರಿನಲ್ಲೇ ಆಕ್ಸಿಲರೇಟರ್ ಒತ್ತುತ್ತೀರಿ. ಗಾಡಿ ಮರಳು ಕುಡಿಯುತ್ತದೆ, ಮರಳು ಉಂಗುರವನ್ನು ಉಜ್ಜುತ್ತದೆ, ನೀರು ಪಕ್ಕದಿಂದ ಸೋರಿ ಎಳೆತ ಹೋಗುತ್ತದೆ. ಗಾಡಿಯ ಕೆಳಗೆ 60ರಿಂದ 90 ಸೆಂಟಿಮೀಟರ್ ನೀರಾದರೂ ಇರಲಿ. ಆಮೇಲೆ ಸ್ಟಾರ್ಟ್ ಮಾಡು.

ನಿಂತ ಗಾಡಿಯನ್ನು ಬೇರೆ ಬೋಟಿಗೆ ಕಟ್ಟಿ ಎಳೆಯುವಾಗ ಮೆಲ್ಲಗೆ ಬರಬೇಕು, ನಾವು ನಡೆಯುವುದಕ್ಕಿಂತ ಸ್ವಲ್ಪ ಜೋರು, ಅಷ್ಟೇ. ಜೋರಾಗಿ ಎಳೆದರೆ ಜೆಟ್ಟಿನ ಮೂಲಕ ನೀರು ಒತ್ತಿಕೊಂಡು ಕೂಲಿಂಗ್ ಪೈಪಿನಲ್ಲಿ ಹೋಗಿ, ಸೈಲೆನ್ಸರ್ ತುಂಬಿ, ಕೊನೆಗೆ ಸಿಲಿಂಡರಿಗೇ ಬರುತ್ತದೆ. ಕೆಟ್ಟದ್ದು ಒಂದು ಚೀಲದಿಂದ, ಸತ್ತದ್ದು ಎಳೆದದ್ದರಿಂದ. ಇಂಥದ್ದು ನೋಡಿದ್ದೇನೆ. ಸಂಜೆ ಸಿಹಿನೀರಿನಲ್ಲಿ ತೊಳೆಯುವಾಗ ಪೈಪ್ ಜೋಡಿಸಿ ಮೊದಲು ಇಂಜಿನ್ ಸ್ಟಾರ್ಟ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಇಂಜಿನ್. ಕೆಲವು ಕಂಪನಿಯ ಗಾಡಿಗೆ ಕ್ರಮದಲ್ಲಿ ವ್ಯತ್ಯಾಸ ಇರಬಹುದು, ಅದರ ಪುಸ್ತಕ ನೋಡಿಕೋ. ಓನರಿಗೆ ಈ ಪುಟ ತೋರಿಸು.

ಪ್ರಶ್ನೆ: ಜೆಟ್ ಬೋಟ್ ಎಂದರೆ ವಿಮಾನದ ಜೆಟ್ ಇಂಜಿನ್ನೇ ಇರುತ್ತದೆಯೆ? ಇದನ್ನು ಕಂಡುಹಿಡಿದವರು ಯಾರು? ಗಂಗಾನದಿಯಲ್ಲಿ ಓಡಿಸಿದ್ದರು ಎಂದು ಎಲ್ಲೋ ಓದಿದ ನೆನಪು. (ನಿವೃತ್ತ ಮೇಷ್ಟ್ರು, ಶಿವಮೊಗ್ಗ)

ಉತ್ತರ: ಇಲ್ಲ ಮೇಷ್ಟ್ರೇ, ಜೆಟ್ ಎಂದರೆ ಇಲ್ಲಿ ನೀರಿನ ಚಿಮ್ಮು ಅಷ್ಟೇ. ಹೆಚ್ಚಿನವುಗಳಲ್ಲಿ ಇಂಜಿನ್ ಮಾಮೂಲಿ ಪೆಟ್ರೋಲ್ ಅಥವಾ ಡೀಸೆಲ್ಲಿನದು. ದೀಪಾವಳಿಯ ರಾಕೆಟ್ ಹಿಂದಕ್ಕೆ ಉಗುಳಿ ಮುಂದಕ್ಕೆ ಹಾರುವಂತೆ ಇದು ನೀರು ಉಗುಳಿ ಓಡುತ್ತದೆ.

ನೀರನ್ನು ಹಿಂದಕ್ಕೆ ತಳ್ಳಿ ದೋಣಿ ಓಡಿಸುವ ಯೋಚನೆ ಬಹಳ ಹಳೆಯದು. ಅದನ್ನು ಹೊಳೆಯಲ್ಲಿ ನಿಜವಾಗಿ ಓಡುವ ಬೋಟಾಗಿ ಮಾಡಿದವರು ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್. ಕುರಿ ಸಾಕುವ ರೈತ, ಐರಿಶ್‌ಮನ್ ಕ್ರೀಕ್ ಎಂಬಲ್ಲಿ ಅವರ ಜಮೀನು. ಅವರ ಸೀಮೆಯ ಹೊಳೆಗಳು ಅಗಲ ಜಾಸ್ತಿ, ಆಳ ಕಡಿಮೆ, ತಳವೆಲ್ಲ ಉರುಟು ಕಲ್ಲು. ಫ್ಯಾನಿನ ಬೋಟು ಹೋದರೆ ಹತ್ತು ಮಾರಿಗೊಮ್ಮೆ ಫ್ಯಾನು ಮುರಿಯುತ್ತಿತ್ತು. ಕೆಳಗೆ ಏನೂ ನೇತಾಡದ ಬೋಟು ಬೇಕು ಎಂದು 1950ರ ದಶಕದ ಮೊದಲ ವರ್ಷಗಳಲ್ಲಿ ತಮ್ಮ ವರ್ಕ್‌ಶಾಪಿನಲ್ಲೇ ಕೂತು ಮಾಡಿದರು. ಮೊದಲು ನೀರನ್ನು ಬೋಟಿನ ಅಡಿಯಲ್ಲೇ ಚಿಮ್ಮಿಸುತ್ತಿದ್ದರು. ಆಮೇಲೆ ಚಿಮ್ಮುವ ಬಾಯನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೆ ಏರಿಸಿದಾಗ ವೇಗ ತುಂಬಾ ಹೆಚ್ಚಿತು. ಗಟ್ಟಿ ಓಡುವಾಗ ಪಾದ ಮುಳುಗುವಷ್ಟು ನೀರಿದ್ದರೂ ಸಾಕು ಈ ಬೋಟಿಗೆ. 1960ರಲ್ಲಿ ಅವರ ಬೋಟುಗಳು ಅಮೆರಿಕದ ಕೊಲರಾಡೊ ನದಿಯಲ್ಲಿ, ಗ್ರ್ಯಾಂಡ್ ಕ್ಯಾನ್ಯನ್ ಕಂದರದಲ್ಲಿ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹತ್ತಿದವು. ಆಮೇಲೆ ಅವರಿಗೆ ಸರ್ ಪದವಿಯೂ ಬಂತು. ವರ್ಕ್‌ಶಾಪ್ ಇಟ್ಟುಕೊಂಡ ರೈತನಿಗೆ ಸರ್ ಪದವಿ ಕೊಡುವ ದೇಶ ನನಗೆ ಇಷ್ಟ.

ನಿಮ್ಮ ನೆನಪು ಸರಿ. 1977ರಲ್ಲಿ ಎಡ್ಮಂಡ್ ಹಿಲರಿ, ಎವರೆಸ್ಟ್ ಹತ್ತಿದವರೇ, ಮೂರು ಜೆಟ್ ಬೋಟುಗಳೊಂದಿಗೆ ಬಂಗಾಳ ಕೊಲ್ಲಿಯಿಂದ ಹೊರಟು ಗಂಗೆಯ ಎದುರಿಗೆ ಹಿಮಾಲಯದ ಕಡೆಗೆ ಬಂದರು. ಜನ ದಂಡೆಯಲ್ಲಿ ಸಾಲುಗಟ್ಟಿ ನಿಂತು ನೋಡಿದರು. ಹರಿದ್ವಾರ, ಋಷಿಕೇಶ ದಾಟಿ, ಬೆಟ್ಟದ ಹೊಳೆಯ ಸೆಳವಿನಲ್ಲಿ ಕಲ್ಲುಗಳ ನಡುವೆ ಹತ್ತುತ್ತಾ ಹೋದರು. ಕೊನೆಗೆ ಅಲಕನಂದೆಯಲ್ಲಿ ನಂದಪ್ರಯಾಗದ ಹತ್ತಿರ ಬೋಟು ನಿಂತಿತು. ಇಂಜಿನ್ ಕೆಟ್ಟು ಅಲ್ಲ. ಎದುರಿಗೆ ಜಲಪಾತ ಬಂತು. ಅಲ್ಲಿಂದ ಮುಂದೆ ನಡೆದುಕೊಂಡೇ ಹೋದರು.